ಹೊರಡುವುದೋ, ಕಾಯುವುದೋ?

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ತಂತ್ರಾಂಶವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ಕೆಲವು ಮಿತ್ರರಿಗೆ ನಗು ಬರಬಹುದು. "ಇವಳಿಗೇಕೆ ಈ ಉಸಾಬರಿ?" ಎಂದು ಕೇಳಿದರೂ ನಾನು ಬೇಸರಪಡುವುದಿಲ್ಲ. ಬಿ.ಎ.ಯಲ್ಲಿ ಕಂಪ್ಯೂಟರ್ ವಿಷಯವನ್ನು ಐಚ್ಛಿಕವಾಗಿ ಆರಿಸಿಕೊಂಡು ಜಾವಾ ಎಂಬ ಭಾಷೆಯನ್ನು ಅಷ್ಟಿಷ್ಟು ಕಲಿತಿರುವೆನೆಂಬುದೊಂದೇ ನನಗಿರುವ ಅರ್ಹತೆ. ಆದರೂ ನಾನಿಲ್ಲಿ ಎತ್ತಿಕೊಂಡಿರುವ ಪ್ರಶ್ನೆಯಲ್ಲಿ ಯಂತ್ರದ ಪಾಲು ಕಡಿಮೆ, ಮನುಷ್ಯರ ತೀರ್ಮಾನದ ಪಾಲು ಹೆಚ್ಚು. ಆದುದರಿಂದ ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುವವರಿಗೂ ಇದು ರುಚಿಸೀತೆಂದು ನಂಬಿದ್ದೇನೆ. ಮೇಲಾಗಿ, ಈ ಪ್ರಶ್ನೆಯಲ್ಲಿ ನಾನೇ ಒಮ್ಮೆ ಎಡವಿ ಬಿದ್ದವಳು. ಆ ಕಥೆಯನ್ನು ಕೊನೆಗೆ ಹೇಳುವೆನು.

ಪ್ರಶ್ನೆ ಇಷ್ಟೆ. ಒಂದು ತಂತ್ರಾಂಶದ ಹೊಸ ಆವೃತ್ತಿಯನ್ನು ಇಂಥ ದಿನ ಹೊರತರುತ್ತೇವೆಂದು ಅದನ್ನು ಕಟ್ಟುವವರು ಸಾರಿರುತ್ತಾರೆ. ದಿನ ಹತ್ತಿರ ಬರುತ್ತದೆ. ಹತ್ತು ಸೌಲಭ್ಯಗಳಲ್ಲಿ ಒಂಬತ್ತು ಸಿದ್ಧವಾಗಿವೆ. ಎಲ್ಲಕ್ಕಿಂತ ಮುಖ್ಯವೆಂದು ಎಲ್ಲರೂ ಎದುರುನೋಡುತ್ತಿರುವ ಹತ್ತನೆಯದು ಮಾತ್ರ ಅರ್ಧಕ್ಕೆ ನಿಂತಿದೆ. ಅದಕ್ಕಾಗಿ ಬಿಡುಗಡೆಯನ್ನು ಮುಂದೂಡಬೇಕೆ? ಅಥವಾ ಅದನ್ನು ಹಿಂದೆ ಬಿಟ್ಟು ಉಳಿದ ಒಂಬತ್ತನ್ನು ಹೊತ್ತಿಗೆ ಸರಿಯಾಗಿ ಕಳುಹಿಸಬೇಕೆ?

ಮುಖ್ಯವಾದುದಕ್ಕೆ ಕಾಯಬೇಕು, ಅಲ್ಲದುದನ್ನು ಬಿಡಬೇಕು, ಇದರಲ್ಲಿ ಯೋಚಿಸುವುದೇನಿದೆ ಎಂದು ಮೊದಲಿಗೆ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು. ಆದರೆ ಮುಂದೂಡುವುದರಲ್ಲಿ ಒಂದು ತೊಡಕುಂಟು. ಸಿದ್ಧವಾಗಿರುವ ಒಂಬತ್ತು ಸೌಲಭ್ಯಗಳು ಬಳಕೆದಾರರ ಕೈಸೇರದೆ ಸುಮ್ಮನೆ ಕೂರುತ್ತವೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. "ಇನ್ನೂ ಮೂರು ತಿಂಗಳು ಇದೆಯಂತೆ" ಎಂಬ ಸುದ್ದಿ ಹರಡಿದೊಡನೆ ಹನ್ನೊಂದನೆಯ, ಹನ್ನೆರಡನೆಯ ಸೌಲಭ್ಯಗಳನ್ನು ಹೊತ್ತವರು ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಅವರವೂ ಅರ್ಧಂಬರ್ಧ ಆದವುಗಳೇ. ಹೊಸದೊಂದನ್ನು ಸೇರಿಸಿದಾಗ ಹಳೆಯವುಗಳನ್ನೆಲ್ಲ ಮತ್ತೆ ಪರೀಕ್ಷಿಸಬೇಕಾಗುತ್ತದೆ, ಏಕೆಂದರೆ ತಂತ್ರಾಂಶದಲ್ಲಿ ಅಡಿಗೆಮನೆಯ ಗೋಡೆಗೆ ಮೊಳೆ ಹೊಡೆದರೆ ಪಡಸಾಲೆಯ ಹೆಂಚು ಬೀಳುವುದುಂಟು. ಮೂರು ತಿಂಗಳು ಆರಾಗುತ್ತದೆ. ಹೆಚ್ಚು ಆಳುಗಳನ್ನು ಹಚ್ಚಿ ಬೇಗ ಮುಗಿಸೋಣವೆಂದರೆ ಅದೂ ಸಾಗದು. ತಡವಾದ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆಂದು, ಐ.ಬಿ.ಎಂ. ಸಂಸ್ಥೆಯಲ್ಲಿ ಅಂಥದೊಂದು ಭಾರಿ ಕೆಲಸವನ್ನು ನಡೆಸಿ ನೊಂದಿದ್ದ ಫ್ರೆಡ್ ಬ್ರೂಕ್ಸ್ ಅವರು 1975ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಹೊಸಬರಿಗೆ ಕೆಲಸ ಕಲಿಸುವವರು ಹಳಬರೇ ಅಲ್ಲವೇ!

ಇದು ಮನಸ್ಸಿಗೆ ಹತ್ತಬೇಕಾದರೆ ನಮ್ಮೂರಿನ ಬಸ್ಸನ್ನು ನೆನೆಯಬೇಕು. ತಾಲ್ಲೂಕು ಕೇಂದ್ರದಿಂದ ನಮ್ಮೂರಿಗೆ ಸಂಜೆ ಏಳು ಗಂಟೆಗೆ ಹೊರಡುವುದೇ ಕಡೆಯ ಬಸ್ಸು. ಅದು ಏಳಕ್ಕೆ ಹೊರಟಿದ್ದನ್ನು ನಾನು ಕಂಡಿಲ್ಲ. "ಅಣ್ಣ, ಐದೇ ನಿಮಿಷ ತಡೀರಿ, ನಮ್ಮ ಯಜಮಾನ್ರು ಔಷಧಿ ತರಾಕೋಗವ್ರೆ" ಎಂದು ಒಬ್ಬಾಕೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಕಂಡಕ್ಟರರು ಮನುಷ್ಯರೇ, ತಡೆಯುತ್ತಾರೆ. ಅವರು ಬರುವುದರೊಳಗೆ ಇನ್ನೊಬ್ಬನು ಗೊಬ್ಬರದ ಮೂಟೆಗಾಗಿ ಓಡಿರುತ್ತಾನೆ. ಈ ನಡುವೆ ದಾರಿಯುದ್ದಕ್ಕೂ ಒಂದೊಂದು ನಿಲ್ದಾಣದಲ್ಲಿ ಕತ್ತಲೆಯಲ್ಲಿ ನಿಂತವರನ್ನು ಯಾರೂ ನೆನೆಯುವುದಿಲ್ಲ, ಏಕೆಂದರೆ ಅವರು ಕಣ್ಣೆದುರಿಗಿಲ್ಲ. ಅದೇ ನಿಲ್ದಾಣದಿಂದ ಮೈಸೂರಿಗೆ ಕಾಲುಗಂಟೆಗೊಂದು ಬಸ್ಸುಂಟು. ಅದರ ಬಾಗಿಲನ್ನು ಹಿಡಿದು ಗೋಗರೆಯುವವರು ಒಬ್ಬರೂ ಇಲ್ಲ. ಮೈಸೂರಿಗೆ ಹೋಗುವವರ ಕೆಲಸಗಳೇನು ಕಡಿಮೆ ಮುಖ್ಯವೆ? ತಪ್ಪಿದರೆ ಮುಂದಿನದು ಬರುತ್ತದೆಂಬ ಧೈರ್ಯ ಅವರಿಗುಂಟು, ಅಷ್ಟೆ.

ತಂತ್ರಾಂಶದ ಲೋಕದಲ್ಲಿ ಈ ಎರಡು ಬಗೆಯ ಬಸ್ಸುಗಳನ್ನೂ ಓಡಿಸಿ ನೋಡಿದ ದೊಡ್ಡ ದೃಷ್ಟಾಂತವೆಂದರೆ ನಾನು ಕಲಿತ ಜಾವಾ ಭಾಷೆಯೇ. ಇದನ್ನು 1995ರಲ್ಲಿ ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಲೋಕಕ್ಕೆ ಪರಿಚಯಿಸಿದರು. ಬ್ಯಾಂಕುಗಳ ಲೆಕ್ಕದಿಂದ ಹಿಡಿದು ನಮ್ಮ ಕೈಯಲ್ಲಿರುವ ಫೋನುಗಳ ಆ್ಯಪ್‌ಗಳವರೆಗೆ ಎಷ್ಟೋ ಕೆಲಸಗಳು ಅದರಲ್ಲಿ ಬರೆಯಲ್ಪಟ್ಟಿವೆ. ಜಾವಾದ ಆರನೆಯ ಆವೃತ್ತಿ 2006ರ ಡಿಸೆಂಬರಿನಲ್ಲಿ ಹೊರಬಂದಿತು. ಏಳನೆಯದರಲ್ಲಿ ಎರಡು ದೊಡ್ಡ ಸೌಲಭ್ಯಗಳು ಬರಬೇಕೆಂದು ಆಸೆಯಿತ್ತು. ಒಂದರ ಹೆಸರು ಲ್ಯಾಂಬ್ಡಾ. ಒಂದು ಪುಟ್ಟ ಕೆಲಸವನ್ನು, ಉದಾಹರಣೆಗೆ "ಹೆಸರಿನ ಉದ್ದವನ್ನು ನೋಡಿ ಸಾಲಾಗಿ ಜೋಡಿಸು" ಎಂಬಷ್ಟನ್ನು, ಇನ್ನೊಂದು ಭಾಗಕ್ಕೆ ಒಪ್ಪಿಸಲು ಹಿಂದೆ ಐದಾರು ಸಾಲು ಬರೆಯಬೇಕಾಗಿತ್ತು. ಲ್ಯಾಂಬ್ಡಾ ಬಂದರೆ ಅದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇನ್ನೊಂದರ ಹೆಸರು ಜಿಗ್‌ಸಾ. ಜಾವಾ ಬೆಳೆಯುತ್ತ ಬೆಳೆಯುತ್ತ ಬಾಗಿಲು ಗೋಡೆಗಳಿಲ್ಲದ ಒಂದು ದೊಡ್ಡ ಛತ್ರದಂತಾಗಿತ್ತು. ಚಿಕ್ಕ ಕೆಲಸಕ್ಕೂ ಇಡೀ ಛತ್ರವನ್ನೇ ಹೊತ್ತೊಯ್ಯಬೇಕು. ಅದನ್ನು ಕೋಣೆಗಳಾಗಿ ವಿಂಗಡಿಸಿ, ಬೇಕಾದ ಕೋಣೆಯನ್ನಷ್ಟೇ ಒಯ್ಯುವಂತೆ ಮಾಡುವುದು ಜಿಗ್‌ಸಾದ ಉದ್ದೇಶ.

ಎರಡೂ ಮುಖ್ಯವೆಂಬುದರಲ್ಲಿ ಸಂದೇಹವಿರಲಿಲ್ಲ. ಎರಡೂ ಮುಗಿಯಲಿಲ್ಲ. ಈ ನಡುವೆ ಸನ್ ಸಂಸ್ಥೆಯನ್ನು 2010ರ ಜನವರಿಯಲ್ಲಿ ಒರಾಕಲ್ ಸಂಸ್ಥೆ ಕೊಂಡುಕೊಂಡಿತು. ಆ ವರ್ಷದ ಸೆಪ್ಟೆಂಬರಿನಲ್ಲಿ, ಜಾವಾದ ಮುಖ್ಯ ಶಿಲ್ಪಿಯಾದ ಮಾರ್ಕ್ ರೀನ್‌ಹೋಲ್ಡ್ ಅವರು ಎರಡು ದಾರಿಗಳನ್ನು ಎಲ್ಲರ ಮುಂದೆ ಬಹಿರಂಗವಾಗಿ ಇಟ್ಟರು. ಎಲ್ಲವನ್ನೂ ಮುಗಿಸಿಕೊಂಡು 2012ರ ನಡುವಿನಲ್ಲಿ ಹೊರಡುವುದು ಒಂದು. ಲ್ಯಾಂಬ್ಡಾ, ಜಿಗ್‌ಸಾಗಳನ್ನು ಎಂಟನೆಯ ಆವೃತ್ತಿಗೆ ಬಿಟ್ಟು, ಆದಷ್ಟನ್ನು 2011ರ ನಡುವಿನಲ್ಲಿಯೇ ಕೊಡುವುದು ಇನ್ನೊಂದು. ಬಳಕೆದಾರರು ಎರಡನೆಯದನ್ನೇ ಒಪ್ಪಿದರು. ಏಳನೆಯ ಆವೃತ್ತಿ 2011ರ ಜುಲೈ 28ರಂದು ಹೊರಬಂದಿತು. ಆರಕ್ಕೂ ಏಳಕ್ಕೂ ನಡುವೆ ನಾಲ್ಕೂವರೆ ವರ್ಷಗಳಿಗೂ ಮೀರಿದ ಅಂತರ! ತೆರೆದ ಕಡತವನ್ನು ಕೆಲಸ ಮುಗಿದೊಡನೆ ತಾನೇ ಮುಚ್ಚುವಂಥ ಚಿಕ್ಕ ಚಿಕ್ಕ ಅನುಕೂಲಗಳು ಅಷ್ಟು ಕಾಲದ ಮೇಲೆ ಜನರಿಗೆ ದೊರೆತವು. ನಮ್ಮ ಪ್ರಯೋಗಾಲಯದಲ್ಲಿ ಮೊದಲನೆಯ ವಾರವೇ ನಾವು ಕಲಿಯುವ ಅನುಕೂಲವದು.

ಎಂಟನೆಯ ಆವೃತ್ತಿಯ ಹೊತ್ತಿಗೆ ಮತ್ತೆ ಅದೇ ಇಕ್ಕಟ್ಟು. ಜಿಗ್‌ಸಾ ಸಿದ್ಧವಾಗುವುದಿಲ್ಲವೆಂದು 2012ರ ಜುಲೈಯಲ್ಲಿಯೇ ಕಂಡುಬಂದಿತು. ಆಗ ರೀನ್‌ಹೋಲ್ಡರು ರೈಲಿನ ಉಪಮೆಯನ್ನು ಬಳಸಿ, ಜಿಗ್‌ಸಾಗೆ ಈ ರೈಲು ತಪ್ಪಿತು, ಅದು ಮುಂದಿನದರಲ್ಲಿ ಬರಲಿ ಎಂದು ಸೂಚಿಸಿದರು. ನಮ್ಮ ಬಸ್ಸು ನನ್ನ ತಲೆಗೆ ಬಂದದ್ದು ಅದನ್ನು ಓದುವಾಗಲೇ ಎಂಬುದನ್ನು ಮುಚ್ಚಿಡುವುದೇಕೆ? ರೈಲನ್ನು ತಡೆಯದೆ 2013ರ ಸೆಪ್ಟೆಂಬರಿನಲ್ಲಿ ಹೊರಡಿಸಬೇಕೆಂಬುದು ನಿಶ್ಚಯವಾಯಿತು.

ಆದರೆ ಅದೇ ಮನುಷ್ಯರು 2013ರ ಏಪ್ರಿಲಿನಲ್ಲಿ ತಾವೇ ರೈಲನ್ನು ತಡೆದರು! ಇಲ್ಲಿಯೇ ಈ ಕಥೆಯ ಸ್ವಾರಸ್ಯವಿರುವುದು. ಆ ವರ್ಷದ ಆರಂಭದಲ್ಲಿ, ಬ್ರೌಸರಿನೊಳಗೆ ಓಡುವ ಜಾವಾದಲ್ಲಿ ಕಳ್ಳರು ನುಗ್ಗಬಹುದಾದ ಬಿರುಕುಗಳು ಕಾಣಿಸಿಕೊಂಡಿದ್ದವು. ಬ್ರೌಸರಿನಲ್ಲಿ ಜಾವಾವನ್ನು ನಿಲ್ಲಿಸಿಡಿರೆಂದು ಅಮೆರಿಕದ ಸರ್ಕಾರವೇ ಜನರಿಗೆ ಎಚ್ಚರಿಕೆ ಕೊಡುವವರೆಗೆ ಸಂಗತಿ ಹೋಗಿತ್ತು. ಲ್ಯಾಂಬ್ಡಾ ಕಟ್ಟುತ್ತಿದ್ದ ಕೈಗಳನ್ನು ಬಿರುಕು ಮುಚ್ಚಲು ಕರೆಸಿಕೊಳ್ಳಬೇಕಾಯಿತು. ಲ್ಯಾಂಬ್ಡಾ ಹಿಂದೆ ಬಿದ್ದಿತು. ಜಿಗ್‌ಸಾವನ್ನು ಬಿಟ್ಟಂತೆ ಲ್ಯಾಂಬ್ಡಾವನ್ನೂ ಬಿಟ್ಟು ಹೊರಡಬಹುದಿತ್ತಲ್ಲವೇ ಎಂದು ಕೇಳಬಹುದು. ಆ ಆವೃತ್ತಿಯ ಮುಖ್ಯ ಸರಕೇ ಲ್ಯಾಂಬ್ಡಾ ಆಗಿದ್ದಿತು. ಅದನ್ನು ನೆಚ್ಚಿಕೊಂಡು ಹೊಸ ಗ್ರಂಥಾಲಯ ಭಾಗಗಳನ್ನೇ ಕಟ್ಟಿಯಾಗಿತ್ತು. ಕಂಬವನ್ನು ಕಿತ್ತು ಚಪ್ಪರವನ್ನು ಕೊಡುವುದು ಹೇಗೆ? ಆರು ತಿಂಗಳು ಕಾದು, 2014ರ ಮಾರ್ಚ್ 18ರಂದು ಎಂಟನೆಯ ಆವೃತ್ತಿಯನ್ನು ಹೊರತಂದರು. ದಿನಾಂಕ, ಸಮಯಗಳನ್ನು ಲೆಕ್ಕಹಾಕುವ ಒಳ್ಳೆಯ ಹೊಸ ಭಾಗವೊಂದು ಅದರಲ್ಲಿದ್ದುದು, ತನ್ನದಲ್ಲದ ತಪ್ಪಿಗೆ, ಅಷ್ಟು ಕಾಲ ಕಾಯಬೇಕಾಯಿತು. ಆದರೂ ಈ ತಡೆ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಇಂದಿಗೂ ಎಷ್ಟೋ ಕಡೆ ಎಂಟನೆಯ ಆವೃತ್ತಿಯೇ ಓಡುತ್ತಿದೆ.

ಜಿಗ್‌ಸಾದ ಕಥೆ ಅಷ್ಟು ಸುಖವಾಗಿ ಮುಗಿಯಲಿಲ್ಲ. ಒಂಬತ್ತನೆಯ ಆವೃತ್ತಿ 2016ರ ಸೆಪ್ಟೆಂಬರಿಗೆ ಎಂದಿದ್ದುದು 2017ರ ಮಾರ್ಚಿಗೆ ಹೋಯಿತು, ಮಾರ್ಚಿನಿಂದ ಜುಲೈಗೆ ಹೋಯಿತು. ಅಷ್ಟರಲ್ಲಿ 2017ರ ಮೇ ತಿಂಗಳಲ್ಲಿ, ಜಾವಾದ ಮಾನಕಗಳನ್ನು ಒಪ್ಪುವ ಸಮಿತಿಯಲ್ಲಿ ಮತಕ್ಕೆ ಹಾಕಿದಾಗ ಪರವಾಗಿ 10, ವಿರೋಧವಾಗಿ 13 ಮತಗಳು ಬಿದ್ದು ಜಿಗ್‌ಸಾದ ಕರಡು ಸೋತಿತು. ಮತ್ತೆ ಕೂತು, ಮಾತನಾಡಿ, ತಿದ್ದಿ, ಜೂನಿನಲ್ಲಿ ಒಂದು ವಿರೋಧವೂ ಇಲ್ಲದೆ ಗೆದ್ದು, ಕೊನೆಗೆ ಸೆಪ್ಟೆಂಬರ್ 21ರಂದು ಒಂಬತ್ತನೆಯದು ಹೊರಬಂದಿತು. ಏಳರಲ್ಲಿ ಹತ್ತಬೇಕಾಗಿದ್ದ ಪ್ರಯಾಣಿಕನು ಒಂಬತ್ತರಲ್ಲಿ, ಅದೂ ಅದನ್ನು ಒಂದು ವರ್ಷ ನಿಲ್ಲಿಸಿ, ಹತ್ತಿದನು.

ಆ ತಿಂಗಳಿನಲ್ಲಿಯೇ ರೀನ್‌ಹೋಲ್ಡರು ಬೇರೊಂದು ಸೂಚನೆಯನ್ನು ಮುಂದಿಟ್ಟರು. ಇನ್ನು ಮುಂದೆ ಆರು ತಿಂಗಳಿಗೊಂದು ಆವೃತ್ತಿ, ಮಾರ್ಚಿನಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಒಂದು. ಸಿದ್ಧವಾದುದು ಹತ್ತಲಿ, ಆಗದುದು ಮುಂದಿನದಕ್ಕೆ ನಿಲ್ಲಲಿ. ಹತ್ತನೆಯ ಆವೃತ್ತಿ 2018ರ ಮಾರ್ಚ್ 20ರಂದು ಬಂದಿತು. ಅಲ್ಲಿಂದೀಚೆಗೆ ಈ ಓಟ ತಪ್ಪಿಲ್ಲ. ಮೊದಲು ಕಡೆಯ ಬಸ್ಸಾಗಿದ್ದುದು ಮೈಸೂರಿನ ಬಸ್ಸಾಯಿತು. ಪರಿಣಾಮವನ್ನು ನೋಡಿ: ಬರಹದ ಉದ್ದ ತುಣುಕುಗಳನ್ನು ಇದ್ದಂತೆಯೇ ಇಡುವ ಸೌಲಭ್ಯವೊಂದು ಹನ್ನೆರಡನೆಯ ಆವೃತ್ತಿಗೆ ಗೊತ್ತಾಗಿತ್ತು. ಅದರ ರೂಪ ಸರಿಬಾರದೆಂದು 2018ರ ಡಿಸೆಂಬರಿನಲ್ಲಿ ಹಿಂತೆಗೆದರು. ಬಿಡುಗಡೆ ಒಂದು ದಿನವೂ ತಡವಾಗಲಿಲ್ಲ. ಅದೇ ವಿಚಾರ ಬೇರೆ ರೂಪದಲ್ಲಿ, ಹದಿಮೂರು, ಹದಿನಾಲ್ಕನೆಯ ಆವೃತ್ತಿಗಳಲ್ಲಿ ಪ್ರಾಯೋಗಿಕವಾಗಿ ಬಂದು, 2020ರ ಸೆಪ್ಟೆಂಬರಿನ ಹದಿನೈದನೆಯದರಲ್ಲಿ ಸ್ಥಿರವಾಯಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಪ್ಪತ್ತೊಂದು, ಇಪ್ಪತ್ತೆರಡನೆಯ ಆವೃತ್ತಿಗಳಲ್ಲಿ ಪ್ರಾಯೋಗಿಕವಾಗಿ ಕೊಟ್ಟಿದ್ದ ಮತ್ತೊಂದು ಸೌಲಭ್ಯವನ್ನು 2024ರ ಇಪ್ಪತ್ತಮೂರನೆಯದರಲ್ಲಿ ತೆಗೆದೇ ಹಾಕಿದರು. "ಇದು ಸರಿಯಾಗಿಲ್ಲ" ಎಂದು ಒಪ್ಪಿಕೊಳ್ಳಲು ಬೇಕಾದ ಧೈರ್ಯ, ಮುಂದಿನ ಬಸ್ಸು ಹತ್ತಿರವಿದ್ದಾಗ ತಾನಾಗಿಯೇ ಬರುವುದೆಂದು ಕಾಣುತ್ತದೆ.

ಇದರಿಂದ ನನಗೆ ಹೊಳೆದುದು ಇಷ್ಟು. ಸೌಲಭ್ಯ ಎಷ್ಟು ಮುಖ್ಯವೆಂಬುದನ್ನೇ ಹಿಡಿದು ಕೂತರೆ ಉತ್ತರ ಯಾವಾಗಲೂ "ಕಾಯಿರಿ" ಎಂದೇ ಬರುತ್ತದೆ, ಏಕೆಂದರೆ ಕಟ್ಟಿದವರಿಗೆ ತಮ್ಮದೆಲ್ಲವೂ ಮುಖ್ಯವೇ. ಮೊದಲು ಕೇಳಬೇಕಾದುದು, ಇದು ತಪ್ಪಿದರೆ ಮುಂದಿನದು ಯಾವಾಗ ಎಂದು. ಅದು ದೂರವಿದ್ದಷ್ಟೂ ಎಲ್ಲರೂ ಈ ಬಸ್ಸಿಗೇ ಜೋತುಬೀಳುತ್ತಾರೆ; ಅವರಿಗಾಗಿ ನಿಂತಷ್ಟೂ ಮುಂದಿನದು ಇನ್ನೂ ದೂರವಾಗುತ್ತದೆ. ಮೈಕ್ರೋಸಾಫ್ಟಿನವರು 2001ರ ಅಕ್ಟೋಬರಿನಲ್ಲಿ ವಿಂಡೋಸ್ ಎಕ್ಸ್‌ಪಿ ಕೊಟ್ಟ ಮೇಲೆ ಅದರ ಮುಂದಿನ ವಿಸ್ಟಾ ಸಾರ್ವಜನಿಕರ ಕೈಸೇರಿದ್ದು 2007ರ ಜನವರಿ 30ರಂದು. ಅಷ್ಟು ಕಾಯಿಸಿಯೂ, ಬಹಳವಾಗಿ ಹೇಳಿಕೊಂಡಿದ್ದ ವಿನ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು 2004ರಲ್ಲಿಯೇ ಕೈಬಿಟ್ಟಿದ್ದರು.

ಹಾಗೆಂದು ಗಡಿಯಾರವೇ ದೇವರೆಂದು ನಾನು ಹೇಳುತ್ತಿಲ್ಲ. ಉಬುಂಟು ಎಂಬ ಮುಕ್ತ ತಂತ್ರಾಂಶದವರು ಆರು ತಿಂಗಳ ನಿಯಮಕ್ಕೆ ಹೆಸರಾದವರು. ಅವರ ಆವೃತ್ತಿಯ ಅಂಕಿಯೇ ವರ್ಷವನ್ನೂ ತಿಂಗಳನ್ನೂ ಹೇಳುತ್ತದೆ. 2006ರ ಏಪ್ರಿಲಿನಲ್ಲಿ 6.04 ಎಂಬ ಹೆಸರಿನಲ್ಲಿ ಬರಬೇಕಾಗಿದ್ದುದನ್ನು, ಸಂಸ್ಥಾಪಕರಾದ ಮಾರ್ಕ್ ಶಟಲ್‌ವರ್ತ್ ಅವರು ಆರು ವಾರ ಮುಂದಕ್ಕೆ ಹಾಕೋಣವೆಂದು ಮಾರ್ಚಿನಲ್ಲಿಯೇ ಸೂಚಿಸಿದರು. ಮೇಜಿನ ಮೇಲಿನ ಗಣಕಗಳಲ್ಲಿ ಮೂರು ವರ್ಷ, ಸರ್ವರುಗಳಲ್ಲಿ ಐದು ವರ್ಷ ನಂಬಿಕೊಂಡು ಇಟ್ಟುಕೊಳ್ಳತಕ್ಕ ಆವೃತ್ತಿಯದು. ಪರೀಕ್ಷೆಗೆ, ಬೇರೆ ಬೇರೆ ಭಾಷೆಗಳಿಗೆ ಹೊಂದಿಸುವ ಕೆಲಸಕ್ಕೆ ಸ್ವಲ್ಪ ಕಾಲ ಬೇಕಾಗಿತ್ತು. ಜೂನ್ 1ರಂದು 6.06 ಎಂದು ಹೊರಬಂದಿತು. ಆ ಆರು ವಾರಗಳು ಹೊಸ ಸೌಲಭ್ಯಗಳನ್ನು ತುರುಕಲು ಕೇಳಿದುವಲ್ಲ. ಇದ್ದುದನ್ನು ಗಟ್ಟಿಮಾಡಲು ಕೇಳಿದುವು. ಅದಾದ ಮುಂದಿನದು, ಏನೂ ಆಗಿಲ್ಲವೆಂಬಂತೆ, ಅಕ್ಟೋಬರಿನಲ್ಲಿಯೇ ಬಂದಿತು. ಒಂದು ಬಸ್ಸು ತಡವಾದರೂ ವೇಳಾಪಟ್ಟಿ ಕೆಡಲಿಲ್ಲ.

ಆರು ತಿಂಗಳ ಏರ್ಪಾಟಿಗೂ ಕುಂದುಗಳಿಲ್ಲದಿಲ್ಲ. ದೊಡ್ಡ ಕಚೇರಿಗಳು ಆರು ತಿಂಗಳಿಗೊಮ್ಮೆ ತಮ್ಮ ಬುಡವನ್ನು ಬದಲಾಯಿಸಲಾರವು. ಅವು ಬಹುಕಾಲ ಬೆಂಬಲವಿರುವ ಆವೃತ್ತಿಗಳನ್ನೇ, ಎಂದರೆ 2021ರ ಹದಿನೇಳು, 2023ರ ಇಪ್ಪತ್ತೊಂದು, 2025ರ ಇಪ್ಪತ್ತೈದು ಇಂಥವನ್ನೇ ಹಿಡಿಯುತ್ತವೆ. ಅವರ ಪಾಲಿಗೆ ನಿಜವಾದ ಬಸ್ಸು ಎರಡು ವರ್ಷಕ್ಕೊಂದೇ ಎಂದಾಯಿತು.

ಇನ್ನು ನಾನು ಎಡವಿದ ಕಥೆ. ನನ್ನ ಅವ್ವ ಊರಿನ ಮಹಿಳಾ ಸ್ವಸಹಾಯ ಸಂಘವೊಂದರ ಸದಸ್ಯೆ. ಹದಿನೈದು ಮಂದಿ ಹೆಂಗಸರು ವಾರಕ್ಕೊಮ್ಮೆ ಮಾರಿಗುಡಿಯ ಜಗಲಿಯಲ್ಲಿ ಸೇರಿ ಉಳಿತಾಯದ ಹಣ ಕಟ್ಟುತ್ತಾರೆ, ತಮ್ಮತಮ್ಮೊಳಗೆ ಸಾಲ ಕೊಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದುದರಿಂದ ಪಿ.ಯು.ಸಿ.ಯಿಂದಲೂ ಸಂಘದ ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಬಿ.ಸಿ.ಎ. ಓದುವ ಗೆಳತಿಯ ಲ್ಯಾಪ್‌ಟಾಪಿನಲ್ಲಿ, ಜಾವಾದಲ್ಲಿಯೇ ಒಂದು ಪುಟ್ಟ ಲೆಕ್ಕದ ತಂತ್ರಾಂಶವನ್ನು ನಾವಿಬ್ಬರೂ ಕಟ್ಟಿದೆವು. ಲೆಕ್ಕದ ವರ್ಷ ಆರಂಭವಾಗುವ ಏಪ್ರಿಲ್ 1ಕ್ಕೆ ಕೊಡುವೆನೆಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ಫೆಬ್ರವರಿಯಲ್ಲಿ ಎರಡು ಕೆಲಸಗಳು ಉಳಿದಿದ್ದವು. ಚೀಟಿ ಕನ್ನಡದಲ್ಲಿ ಅಚ್ಚಾಗಬೇಕಾಗಿದ್ದುದು ಒಂದು. ಅಚ್ಚು ಹಾಕಿದರೆ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. ಲಕ್ಷ್ಮಮ್ಮ ಎಂಬ ಹೆಸರು ಯಾರದೆಂದು ಅವರಿಗೇ ತಿಳಿಯುವಂತಿರಲಿಲ್ಲ. ಇದಿಲ್ಲದೆ ಕೊಟ್ಟರೆ ಕೊಟ್ಟಂತೆಯೇ ಅಲ್ಲ, ಏಕೆಂದರೆ ಆ ಹೆಂಗಸರಲ್ಲಿ ಓದಬಲ್ಲವರು ಓದುವುದು ಕನ್ನಡವೊಂದನ್ನೇ. ಅದಕ್ಕೆ ಹತ್ತು ದಿನ ಹಿಡಿಯಿತು, ಮುಗಿಯಿತು. ಎರಡನೆಯದು, ಬಡ್ಡಿಯನ್ನು ತಂತ್ರಾಂಶವೇ ಹಾಕಬೇಕೆಂಬುದು. ಇದು ನನ್ನ ಪ್ರತಿಷ್ಠೆಯ ವಿಷಯವಾಗಿತ್ತು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ಸುಲಭವೆಂದುಕೊಂಡಿದ್ದೆ. ಬರೆಯಲು ಕುಳಿತಾಗ, ತಿಂಗಳ ನಡುವೆ ತೀರಿಸಿದರೆ ಅರ್ಧ ಎಂದರು. ಮನೆಯಲ್ಲಿ ಬಾಣಂತನವೋ ಸಾವೋ ಆದರೆ ಆ ತಿಂಗಳು ಬಡ್ಡಿ ಇಲ್ಲವೆಂದರು. ಹಬ್ಬದ ತಿಂಗಳು ಹೇಗೆಂದು ಕೇಳಿದರೆ, "ಅದು ಆವತ್ತು ಕೂತ್ಕೊಂಡು ಮಾತಾಡ್ಕೊತೀವಿ" ಎಂದರು. ಕೂತು ಮಾತನಾಡಿಕೊಳ್ಳುವುದನ್ನು ಜಾವಾದಲ್ಲಿ ಬರೆಯುವುದು ಹೇಗೆ? ಇನ್ನೊಂದು ವಾರ, ಇನ್ನೊಂದು ವಾರ ಎನ್ನುತ್ತ ಪರೀಕ್ಷೆಗಳೂ ಬಂದು, ಮೇ ತಿಂಗಳ ನಡುವೆ ಲ್ಯಾಪ್‌ಟಾಪು ಹಿಡಿದು ಊರಿಗೆ ಹೋದೆ.

ಅವ್ವ ಕೆಂಪು ಬಟ್ಟೆಯ ಹೊದಿಕೆಯ ಹೊಸ ಪುಸ್ತಕವನ್ನು ತೋರಿಸಿದಳು. "ಏಪ್ರಿಲ್ ಒಂದ್ನೇ ತಾರೀಕು ಕಳದೋಯ್ತು ಕಣವ್ವ. ಮೇಷ್ಟ್ರ ಕೈಲಿ ಗೆರೆ ಹಾಕ್ಸಿ ಸುರು ಮಾಡ್ಬುಟ್ವಿ. ಈಗ ಮಧ್ಯದಲ್ಲಿ ಬಿಟ್ರೆ ಸಂಘದೋರು ಏನಂತಾರೆ?" ಎಂದಳು. ಕನ್ನಡದ ಚೀಟಿಗಳು, ಉಳಿತಾಯದ ಮೊತ್ತ, ಸಾಲದ ಬಾಕಿ, ಎಲ್ಲವೂ ಮಾರ್ಚಿನಲ್ಲಿಯೇ ಸಿದ್ಧವಿದ್ದವೆಂದು ಅವಳಿಗೆ ಹೇಳಲು ನನಗೆ ನಾಲಗೆ ಬರಲಿಲ್ಲ. ಸಂಘದ ಬಸ್ಸು ವರ್ಷಕ್ಕೊಂದೇ ಎಂಬುದು ಗೊತ್ತಿದ್ದೂ, ಕಾಯಬಾರದುದಕ್ಕೆ ಕಾದಿದ್ದೆ. ಒಂದು ವರ್ಷ ಪೂರ್ತಿ, ಪ್ರತಿ ಭಾನುವಾರ, ಆ ಕೆಂಪು ಪುಸ್ತಕದಲ್ಲಿಯೇ ಲೆಕ್ಕ ಬರೆದೆನು.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮತ್ತೊಂದು ಏಪ್ರಿಲ್ ಬಂದಿರುತ್ತದೆ. ಬಡ್ಡಿಯ ಭಾಗವನ್ನು ತೆಗೆದುಹಾಕಿ, ಆ ಜಾಗದಲ್ಲಿ ಸಂಘದವರು ಹೇಳಿದ ಮೊತ್ತವನ್ನು ಬರೆಯಲು ಒಂದು ಖಾಲಿ ಮನೆಯನ್ನು ಬಿಟ್ಟಿದ್ದೇವೆ. ಹೋದ ವಾರ ಅವ್ವನಿಗೆ ತೋರಿಸಿದೆ. ಚೀಟಿಯ ಮೇಲಿನ ತನ್ನ ಹೆಸರನ್ನು ಬೆರಳಿಟ್ಟು ಓದಿ, ಖಾಲಿ ಮನೆಯನ್ನು ನೋಡಿ, "ಬಡ್ಡಿ ನಾವೇ ಹೇಳ್ಬೇಕಾ?" ಎಂದು ಕೇಳಿದಳು.

"ಹೂಂ ಕಣವ್ವ, ಈ ವರ್ಷಕ್ಕೆ ನೀವೇ ಹೇಳ್ಬೇಕು" ಎಂದೆ.

"ಹೋದ ವರ್ಷವೂ ನಾವೇ ಹೇಳಿದ್ದು, ನೀನು ಬರಕೊಂಡಿದ್ದು" ಎಂದಳು.